ನನಗೆ ಬಾರದ ಕಾಮಾಲೆ

ನನಗೆ ಕಾಮಾಲೆ ಬಂದಿರಲೇ ಇಲ್ಲ.

ಇಷ್ಟೇ ಮಾತು. ಇದನ್ನು ಬಾಯಿಬಿಟ್ಟು ಹೇಳಲು ನನಗೆ ಹತ್ತು ವರ್ಷ ಹಿಡಿಯಿತು — ಹೇಳಿದ ಹೊತ್ತಿಗೆ ಕೇಳಬೇಕಾದವರು ಇರಲಿಲ್ಲ. ಕಡೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ನನ್ನ ಜೊತೆ ಕೆಲಸ ಮಾಡಿದವರು, ಹಿರೇನಲ್ಲೂರಿನ ಹತ್ತಿರದ ನನ್ನ ಹಳ್ಳಿಯವರು, ನಾನು ಬಾಡಿಗೆಗಿರುವ ಮನೆಯವರು, ಎಲ್ಲರೂ ಇವತ್ತಿಗೂ ನಾಗರತ್ನ ಒಂದು ಸಲ ಕಾಮಾಲೆಯಾಗಿ ತಿಂಗಳುಗಟ್ಟಲೆ ಮಲಗಿದ್ದಳು ಎಂದೇ ನಂಬಿದ್ದಾರೆ. ನಂಬಲಿ. ಆ ಸುಳ್ಳಿನಿಂದ ಅವರು ಕಳೆದುಕೊಂಡದ್ದು ಏನೂ ಇಲ್ಲ. ಕಳೆದುಕೊಂಡದ್ದು ತರೀಕೆರೆ ಎಕ್ಸ್‌ಚೇಂಜಿನ ಮಂಗಳಕ್ಕ ಒಬ್ಬರೇ.

ಮಂಗಳಕ್ಕ ನನಗೆ ಮೊದಲು ಒಂದು ದನಿ. ಆಗ ಫೋನ್ ಎಂದರೆ ಈಗಿನ ಹಾಗೆ ಬೆರಳಿನಿಂದ ನಂಬರ್ ತಿರುಗಿಸುವುದಲ್ಲ. ಊರಿನವರು ತಮ್ಮ ಫೋನಿನ ಹಿಡಿ ತಿರುಗಿಸಿದರೆ ನಮ್ಮ ಬೋರ್ಡಿನಲ್ಲಿ ಅವರ ನಂಬರಿನ ಪುಟ್ಟ ಮುಚ್ಚಳ ಟಪ್ಪೆಂದು ಕೆಳಗೆ ಬೀಳುತ್ತಿತ್ತು. ನಾನು ಅದರ ಕೆಳಗಿನ ತೂತಿಗೆ ವೈರು ಚುಚ್ಚಿ ಯಾರು ಬೇಕೆಂದು ಕೇಳಿ ಜೋಡಿಸುತ್ತಿದ್ದೆ. ಕೊಬ್ಬರಿ ಮಂಡಿಯವರು ತರೀಕೆರೆಯ ಅಡಿಕೆ ಮಂಡಿಯನ್ನು ಕೇಳಿದರೆ ತರೀಕೆರೆಯ ಲೈನಿಗೆ ಚುಚ್ಚುತ್ತಿದ್ದೆ, ಆ ಕಡೆ ಬೋರ್ಡಿನ ಮುಂದೆ ಮಂಗಳಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಕೆಲಸಕ್ಕೆ ಸೇರಿದವರು, ತರೀಕೆರೆಯಲ್ಲಿ ಒಂದು ಕೋಣೆ ಹಿಡಿದು ಒಬ್ಬರೇ ಇದ್ದರು. ಅವರ ಅಣ್ಣನ ಮನೆ ಅಜ್ಜಂಪುರದಲ್ಲಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಮಧ್ಯಾಹ್ನ ಮಂಡಿಗಳು ಊಟಕ್ಕೆ ಮುಚ್ಚಿದಾಗ ಲೈನು ಖಾಲಿ ಬೀಳುತ್ತಿತ್ತು, ಆಗ ನಾವಿಬ್ಬರೂ ಮಾತಾಡುತ್ತಿದ್ದೆವು. ಏನು ಅಡುಗೆ, ಯಾವ ಸೀರೆ, ಯಾವ ಸಾಹುಕಾರರು ಇವತ್ತು ಬೈದರು. ಮುಖ ನೋಡಿದ್ದು ಎರಡೋ ಮೂರೋ ಸಲ ಇರಬೇಕು. ಆದರೂ ನನಗೆ ಶೀತವಾಗಿದೆಯೇ, ನಾನು ಊಟ ಬಿಟ್ಟಿದ್ದೇನೆಯೇ ಎಂಬುದನ್ನು ಅವರು ನನ್ನ ಒಂದು ಹಲೋದಲ್ಲಿ ಹಿಡಿದುಬಿಡುತ್ತಿದ್ದರು.

ಕಾಯಿಲೆ ಹೇಗೆ ಬಂತೆಂದು ನನಗೆ ಈಗಲೂ ಹೇಳಲು ಬರುವುದಿಲ್ಲ. ಯಾರೂ ಸತ್ತಿರಲಿಲ್ಲ, ಯಾರೂ ಬಿಟ್ಟುಹೋಗಿರಲಿಲ್ಲ. ಕಾರಣ ಇದ್ದಿದ್ದರೆ ಅದನ್ನು ಹಿಡಿದುಕೊಂಡು ಅಳಬಹುದಿತ್ತು. ಬೆಳಿಗ್ಗೆ ಎಚ್ಚರವಾಗುತ್ತಿತ್ತು, ಏಳಲು ಆಗುತ್ತಿರಲಿಲ್ಲ. ತಲೆ ಬಾಚುವುದು ಬಿಟ್ಟೆ. ಅನ್ನ ಗಂಟಲಿನಲ್ಲಿ ನಿಲ್ಲುತ್ತಿತ್ತು. ಬೋರ್ಡಿನ ಮುಂದೆ ಕೂತಿರುತ್ತಿದ್ದೆ, ಮುಚ್ಚಳಗಳು ಒಂದೊಂದಾಗಿ ಬೀಳುತ್ತಿದ್ದವು, ನೋಡುತ್ತಿದ್ದೆ — ಕೈ ಮೇಲೇಳುತ್ತಿರಲಿಲ್ಲ. ಇಡೀ ಊರು ನನ್ನನ್ನು ಕರೆಯುತ್ತಿದೆ ಎಂದು ಗೊತ್ತಿತ್ತು, ಆದರೆ ಅದಕ್ಕೂ ನನಗೂ ಸಂಬಂಧವಿಲ್ಲ ಅನ್ನಿಸುತ್ತಿತ್ತು. ಒಂದು ದಿನ ಬೋರ್ಡಿನ ಅರ್ಧ ಮುಚ್ಚಳ ಬಿದ್ದಿದ್ದಾಗ ಸೂಪರ್‌ವೈಸರ್ ಒಳಗೆ ಬಂದು ಕೂಗಾಡಿದರು. ನನಗೆ ಅವಮಾನ ಕೂಡ ಆಗಲಿಲ್ಲ. ಹಳ್ಳಿಯಲ್ಲಿದ್ದ ನಮ್ಮ ಅಣ್ಣನಿಗೆ ಹೇಳಿ ಕಳಿಸಿದರು.

ಅಣ್ಣ ಬೇಸಾಯದವನು, ಮಾತು ಕಡಿಮೆ. ಊರಿಗೆ ಕರೆದುಕೊಂಡು ಹೋಗಿ ಮೊದಲು ತಾಯಿತ ಕಟ್ಟಿಸಿದ. ನಾನು ಗೋಡೆ ಕಡೆ ತಿರುಗಿ ಮಲಗಿದವಳು ಹಾಗೇ ಇದ್ದೆ. ಕೊನೆಗೆ ಯಾರೋ ತಿಳಿದವರು ಹೇಳಿದರೆಂದು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ, ಊರಿನವರು ಹುಚ್ಚಾಸ್ಪತ್ರೆ ಎನ್ನುವ ಕಡೆಗೆ. ಅಲ್ಲಿನ ಡಾಕ್ಟರು ವಯಸ್ಸಾದವರು. ಇದು ಹುಚ್ಚಲ್ಲ, ಸೋಮಾರಿತನವೂ ಅಲ್ಲ, ಮನಸ್ಸಿಗೆ ಬರುವ ಕಾಯಿಲೆ, ಎಷ್ಟೋ ಜನಕ್ಕೆ ಬರುತ್ತದೆ, ಮಾತ್ರೆ ಇದೆ, ತಡವಾದರೂ ವಾಸಿಯಾಗುತ್ತದೆ ಎಂದು ನನ್ನ ಎದುರಿಗೇ ಅಣ್ಣನಿಗೆ ಬಿಡಿಸಿ ಹೇಳಿದರು. ವಾಸಿಯಾಗುತ್ತದೆ ಎಂಬ ಆ ಮಾತನ್ನು ನಾನು ಆಗ ನಂಬಲಿಲ್ಲ. ಆದರೆ ನಿಜವಾಯಿತು. ತಿಂಗಳುಗಳ ಮೇಲೆ ಒಂದು ಬೆಳಿಗ್ಗೆ ಕಾಫಿಯ ವಾಸನೆ ಮೂಗಿಗೆ ಬಂತು, ನನಗೂ ಒಂದು ಲೋಟ ಬೇಕು ಅನ್ನಿಸಿತು. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು ಕಾಫಿ ಕೊಟ್ಟಳು.

ಮತ್ತೆ ಕೆಲಸಕ್ಕೆ ಹೋಗುವ ಮುಂಚೆ ಅಣ್ಣ ಕೇಳಿದ, ಆಫೀಸಿನಲ್ಲಿ ಏನು ಹೇಳುತ್ತೀಯ ಎಂದು. ನಾನು ಸೀರೆ ಮಡಿಸಿ ಚೀಲಕ್ಕೆ ಇಡುತ್ತಿದ್ದೆ.

"ಕಾಮಾಲೆ ಅಂತ ಹೇಳಿದೀನಿ ಕಣೇ. ಕಾಮಾಲೆ ಅಂದ್ರೆ ಯಾರೂ ಇನ್ನೊಂದ್ ಮಾತು ಕೇಳಲ್ಲ," ಅಂದ.

ಅವನನ್ನು ನಾನು ದೂರುವುದಿಲ್ಲ. ಅವನು ಕೊಟ್ಟ ಸುಳ್ಳನ್ನು ನಾನು ಎರಡೂ ಕೈ ಚಾಚಿ ಇಸಿದುಕೊಂಡೆ. ಬಲು ಹಗುರಾಯಿತು.

ಮೊದಲ ದಿನ ಎಲ್ಲರೂ ನನ್ನ ಕಣ್ಣು ನೋಡಿದರು. ಸೂಪರ್‌ವೈಸರ್ ಕಿಟಕಿ ಹತ್ತಿರ ನಿಲ್ಲಿಸಿ ರೆಪ್ಪೆ ಕೆಳಗೆಳೆದುಕೊಳ್ಳಲು ಹೇಳಿ ಪರೀಕ್ಷೆ ಮಾಡಿದರು. ಲೈನ್‌ಮನ್ ನೋಡಿದ, ಟೀ ತರುವವನು ನೋಡಿದ. ಹಳದಿ ಇಲ್ಲ, ಬೆಳ್ಳಗಿದೆ ಎಂದು ಎಲ್ಲರಿಗೂ ಸಮಾಧಾನ. ಕಣ್ಣನ್ನೇ ನೋಡಿದರೂ ಅದರೊಳಗೆ ಏನಿದೆ ಎಂದು ಒಬ್ಬರೂ ನೋಡಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಕೋಪ ಬಂತು. ಮುಚ್ಚಿಟ್ಟವಳು ನಾನೇ, ಕೋಪವೂ ನನಗೇ. ಹೆಡ್‌ಸೆಟ್ ತಲೆಗೆ ಹಾಕಿಕೊಂಡೆ. ಕೋಣೆ ತುಂಬ ಜನ, ಕಿವಿ ತುಂಬ ಊರಿನವರ ಮಾತು, ನಾನು ಮಾತ್ರ ಬೇರೆಲ್ಲೋ ಒಬ್ಬಳೇ ಕೂತಿದ್ದೆ. ಆ ಒಂಟಿತನ ಕಾಯಿಲೆಯ ದಿನಗಳಲ್ಲಿ ಕೂಡ ಅಷ್ಟು ಇರಲಿಲ್ಲ. ಮಲಗಿದ್ದಾಗ ನಟಿಸುವ ಕೆಲಸವಾದರೂ ಇರಲಿಲ್ಲ.

ಆಮೇಲೆ ತರೀಕೆರೆಯ ಮುಚ್ಚಳ ಬಿತ್ತು. ನಾನು ನಂಬರ್ ಕೇಳುವ ಮೊದಲೇ ಆ ಕಡೆಯಿಂದ, "ನಾಗೂ, ಬಂದ್ಯೇನೇ?"

ಅಷ್ಟೇ. ಆ ಕ್ಷಣ ಹೇಳಿಬಿಡಬೇಕು ಅನ್ನಿಸಿತ್ತು. ಹಿಂದೆ ಸೂಪರ್‌ವೈಸರ್ ಕೂತಿದ್ದರು. "ಬಂದೆ ಅಕ್ಕ" ಎಂದೆ.

ಮಾರನೆಯ ದಿನ ಬೆಳಿಗ್ಗೆಯ ಬಸ್ಸಿನಲ್ಲಿ ತರೀಕೆರೆಯಿಂದ ಒಂದು ಟಿಫನ್ ಕ್ಯಾರಿಯರ್ ಬಂತು. ನಮ್ಮ ಕಡೆ ಊರಿಂದೂರಿಗೆ ಏನು ಕಳಿಸುವುದಿದ್ದರೂ ಕಂಡಕ್ಟರನ ಕೈಗೆ ಕೊಟ್ಟುಬಿಡುವುದೇ. ಅವನು ಬಸ್‌ಸ್ಟ್ಯಾಂಡಿನಿಂದ ನಮ್ಮ ಬಾಗಿಲಿಗೇ ತಂದಿಟ್ಟು, ಎಕ್ಸ್‌ಚೇಂಜ್ ಅಮ್ಮಾವ್ರು ಕೊಟ್ಟಿದ್ದಾರೆ ಎಂದು ಹೋದ. ಒಂದು ಡಬ್ಬಿಯಲ್ಲಿ ಅನ್ನ ಮಜ್ಜಿಗೆ, ಇನ್ನೊಂದರಲ್ಲಿ ಬರೀ ಬೇಯಿಸಿದ ಹೆಸರುಬೇಳೆ. ಎಣ್ಣೆ ಇಲ್ಲ, ಒಗ್ಗರಣೆ ಇಲ್ಲ, ಖಾರ ಇಲ್ಲ, ಉಪ್ಪು ಇದೆಯೋ ಇಲ್ಲವೋ ಎಂಬಷ್ಟು. ಕಾಮಾಲೆಯ ಪಥ್ಯ. ಬಿಟ್ಟರೆ ತಿರುಗಿ ಬರುತ್ತದೆ, ನಿನಗೆ ಒಬ್ಬಳಿಗೇ ಮಾಡಿಕೊಂಡು ತಿನ್ನಲು ಬೇಜಾರಾಗುತ್ತೆ, ನಾನೇ ಕಳಿಸುತ್ತೇನೆ ಎಂದು ಮಧ್ಯಾಹ್ನ ಲೈನಿನಲ್ಲಿ ಹೇಳಿದರು. ವಾರವಾಯಿತು, ತಿಂಗಳಾಯಿತು, ಕ್ಯಾರಿಯರ್ ಬರುತ್ತಲೇ ಇತ್ತು. ನಾನು ಎಷ್ಟೋ ಕಾಲದ ಮೇಲೆ ರುಚಿ ತಿಳಿಯಲು ಶುರುವಾದವಳು, ನಾಲಿಗೆ ಉಪ್ಪು ಖಾರ ಎಂದು ಹಂಬಲಿಸುತ್ತಿತ್ತು. ಒಂದು ಸಂಜೆ ಬೀರೂರಿನವರೆಗೂ ಬಸ್ಸಿನಲ್ಲಿ ಹೋಗಿ, ಗುರುತಿನವರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಿಂತಲ್ಲೇ ಮೆಣಸಿನಕಾಯಿ ಬೋಂಡ ತಿಂದು ಬಂದಿದ್ದೇನೆ. ಈಗ ನೆನೆಸಿಕೊಂಡರೆ ನಗು ಬರಬೇಕು. ಆದರೆ ಮಂಗಳಕ್ಕ ಎರಡು ಥರ ಅಡುಗೆ ಮಾಡಲು ಹೊತ್ತಿಲ್ಲವೆಂದು ತಾವೂ ಅದೇ ಚಪ್ಪೆ ಊಟ ಮಾಡುತ್ತಿದ್ದರೆಂದು ನನಗೆ ಆಮೇಲೆ ತಿಳಿಯಿತು.

ಮುಂದಿನ ವರ್ಷ ಅವರ ದನಿ ಬದಲಾಯಿತು.

ಇದನ್ನು ನಾನು ಸ್ಪಷ್ಟವಾಗಿ ಹೇಳಬೇಕು. ನನಗೆ ಗೊತ್ತಾಯಿತು. ಯಾರಿಗೂ ಗೊತ್ತಾಗುವ ಮುಂಚೆ, ಪ್ರಾಯಶಃ ಅವರಿಗೇ ಗೊತ್ತಾಗುವ ಮುಂಚೆ. ಹಲೋ ಎನ್ನುವ ಮೊದಲು ಒಂದು ತಡೆ, ಮಾತಿನ ಕೊನೆ ಸೋತು ಬೀಳುವುದು, ನಗುವ ಕಡೆ ನಗದೇ ಇರುವುದು — ಇದೆಲ್ಲ ನನ್ನ ಗಂಟಲಿನಲ್ಲೇ ಆಗಿಹೋಗಿದ್ದದ್ದು. ಗುರುತು ಹತ್ತದೇ ಇರಲು ಸಾಧ್ಯವೇ ಇರಲಿಲ್ಲ. ಗುರುತು ಹತ್ತಿತು, ನಾನು ಸುಮ್ಮನಿದ್ದೆ. ಕ್ಯಾರಿಯರ್ ಬರುವುದು ಎಂದೋ ನಿಂತಿತ್ತು. ಮಧ್ಯಾಹ್ನದ ಹೊತ್ತು ನಾನೇ ಏನೋ ಕೆಲಸ ಮಾಡಿಕೊಂಡು ಅವರ ಲೈನಿಗೆ ಹೋಗದೆ ತಪ್ಪಿಸಿಕೊಳ್ಳತೊಡಗಿದೆ.

ಒಂದು ಮಧ್ಯಾಹ್ನ ಅವರೇ ಕರೆದರು. ಸೂಪರ್‌ವೈಸರ್ ಊಟಕ್ಕೆ ಹೋಗಿದ್ದರು, ಕೋಣೆಯಲ್ಲಿ ನಾನೊಬ್ಬಳೇ.

"ನಾಗೂ, ಪಕ್ಕದಲ್ಲಿ ಯಾರಾದ್ರೂ ಅವ್ರಾ?"

ಇಲ್ಲ ಎಂದೆ.

"ಬೆಳಿಗ್ಗೆ ಏಳಕ್ಕೇ ಆಗ್ತಿಲ್ಲ ಕಣೇ. ತಿಂದಿದ್ದು ಮಣ್ಣು ತಿಂದಂಗಾಗುತ್ತೆ. ಮುಚ್ಚಳ ಬೀಳ್ತಾವೆ, ನೋಡ್ತಾ ಕೂತಿರ್ತೀನಿ. ಹೋದ್ ವರ್ಷ ನಿನ್ ದನೀನೂ ಹಿಂಗೇ ಆಗಿತ್ತು, ನಾನ್ ಕೇಳಿಸ್ಕೊಂಡಿದೀನಿ. ನಿಜ ಹೇಳು ನಾಗೂ. ನಿಂಗೆ ಬಂದಿದ್ದು ಕಾಮಾಲೇನಾ?"

ಬೋರ್ಡಿನಲ್ಲಿ ಒಂದು ಮುಚ್ಚಳ ಬಿತ್ತು, ಅದನ್ನು ಬೆರಳಿನಿಂದ ಮೇಲಕ್ಕೆ ತಳ್ಳಿದೆ.

"ಕಾಮಾಲೇನೇ ಕಣಕ್ಕ."

ಲೈನಿನಲ್ಲಿ ಅವರ ಉಸಿರು ಕೇಳುತ್ತಿತ್ತು. "ಹಂಗಾದ್ರೆ ನಂದೂ ಅದೇ ಇರ್ಬೇಕು ಬಿಡು," ಅಂದರು. ಆ ದನಿಯಲ್ಲಿ ಒಂದು ನೆಮ್ಮದಿ ಇತ್ತು. ನನ್ನನ್ನು ಇವತ್ತಿಗೂ ಇರಿಯುವುದು ಆ ನೆಮ್ಮದಿಯೇ. ನಾಗೂ ವಾಸಿಯಾದಳು, ನಾಗೂಗೆ ಬಂದದ್ದು ಕಾಮಾಲೆ, ಅಂದ ಮೇಲೆ ತಾನೂ ವಾಸಿಯಾಗುತ್ತೇನೆ ಎಂಬ ಲೆಕ್ಕ. ಎಲ್ಲಿ ಔಷಧಿ ತಗೊಂಡೆ ಎಂದು ಕೇಳಿದರು. ಸುಳ್ಳಿಗೆ ವಿಳಾಸವೂ ಬೇಕಾಯಿತು. ಹಿರೇನಲ್ಲೂರಿನ ಹತ್ತಿರ, ನಮ್ಮ ಊರಿನ ಪಕ್ಕದಲ್ಲೇ ಒಬ್ಬ ಅಜ್ಜ ಇದ್ದ. ಕಾಮಾಲೆಯವರಿಗೆ ನೆಲನೆಲ್ಲಿಯ ರಸ ಕೊಟ್ಟು, ಮುಂಗೈ ಮೇಲೆ ಕಾದ ಕಡ್ಡಿಯಿಂದ ಬರೆ ಹಾಕುತ್ತಿದ್ದ. ಚಿಕ್ಕವಳಿದ್ದಾಗಿನಿಂದ ನೋಡಿದ್ದೆ. ಅವನ ಹೆಸರು ಹೇಳಿದೆ, ಎಲ್ಲಿ ಇಳಿಯಬೇಕು, ಎಷ್ಟು ನಡೆಯಬೇಕು ಎಂದೂ ಹೇಳಿದೆ. ಆಸ್ಪತ್ರೆಯ ದಾರಿ ಗೊತ್ತಿದ್ದವಳು ಅಜ್ಜನ ದಾರಿ ಹೇಳಿದೆ.

ಯಾಕೆ ಎಂದು ಎಷ್ಟೋ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಲೈನಿನಲ್ಲಿ ಬೇರೆ ಎಕ್ಸ್‌ಚೇಂಜಿನವರು ಕದ್ದು ಕೇಳುತ್ತಿದ್ದರೇನೋ ಎಂಬ ಭಯ — ಇದನ್ನು ತುಂಬ ದಿನ ನಂಬಿಕೊಂಡಿದ್ದೆ. ಆದರೆ ನಡುವೆ ಯಾರಾದರೂ ವೈರು ಚುಚ್ಚಿ ಕಿವಿ ಕೊಟ್ಟರೆ ದನಿ ತುಸು ಕುಗ್ಗುತ್ತದೆ, ಆಪರೇಟರಿಗೆ ಅದು ತಿಳಿಯುತ್ತದೆ. ಆವತ್ತು ಕುಗ್ಗಿರಲಿಲ್ಲ. ನಾವಿಬ್ಬರೇ ಇದ್ದೆವು. ಇನ್ನೊಂದು ಕಾರಣವಿದೆ, ಅದನ್ನು ಬರೆಯಲು ನಾಚಿಕೆಯಾಗುತ್ತದೆ. ನಾನು ಹೇಗೋ ಮೇಲೆ ಬಂದಿದ್ದೆ. ಅವರ ಆ ದನಿ ಕೇಳಿದರೆ ಮತ್ತೆ ಅಲ್ಲಿಗೇ ಹೋಗಿಬಿಡುತ್ತೇನೆ ಎಂಬ ಹೆದರಿಕೆ. ಹೌದು ಅಕ್ಕ, ನನಗೂ ಅದೇ ಆಗಿತ್ತು ಎಂದಿದ್ದರೆ ದಿನಾ ಅವರ ಮಾತು ಕೇಳಬೇಕಾಗುತ್ತಿತ್ತು, ಕೈ ಹಿಡಿದು ಬೆಂಗಳೂರಿಗೆ ಕರೆದುಕೊಂಡು ಹೋಗಬೇಕಾಗುತ್ತಿತ್ತು. ನನಗೆ ಅದು ಬೇಡವಾಗಿತ್ತು. ಅಷ್ಟು ದಿನ ಅನ್ನ ಕಳಿಸಿದವರನ್ನು ನಾನು ಹೀಗೆ ದೂರ ಇಟ್ಟೆ.

ಅವರು ಒಬ್ಬರೇ ಬಸ್ಸು ಹಿಡಿದು ಹೋಗಿ ಬರೆ ಹಾಕಿಸಿಕೊಂಡು ಬಂದರು. ಉರಿ ಜಾಸ್ತಿ ಕಣೇ, ನೀನು ಹೆಂಗೆ ತಡ್ಕೊಂಡೆ ಎಂದು ಕೇಳಿದರು. ಎರಡು ದಿನದಲ್ಲಿ ಹೋಗುತ್ತೆ ಅಕ್ಕ ಎಂದೆ. ಆಮೇಲೆ ಪಥ್ಯ. ಮೊದಲೇ ಅನ್ನ ಸೇರದವರು ಉಪ್ಪು ಹುಳಿ ಖಾರವನ್ನೂ ಬಿಟ್ಟರು. ತರೀಕೆರೆಯ ಡಾಕ್ಟರೊಬ್ಬರು ರಕ್ತ ನೋಡಿ ಇದು ಕಾಮಾಲೆಯೇ ಅಲ್ಲಮ್ಮ ಎಂದರಂತೆ. ಮಂಗಳಕ್ಕ ಒಪ್ಪಲಿಲ್ಲ. ನಮ್ಮ ಕಡೂರಿನ ನಾಗೂಗೂ ಥೇಟ್ ಹಿಂಗೇ ಆಗಿತ್ತು ಎಂದರಂತೆ. ಇದನ್ನು ಅವರೇ ನನಗೆ ಹೇಳಿದರು, ಡಾಕ್ಟರಿಗೇ ತಿಳಿಯಲಿಲ್ಲ ನೋಡು ಎಂಬಂತೆ.

ತರೀಕೆರೆಯ ಲೈನಿನಲ್ಲಿ ತಪ್ಪುಗಳು ಶುರುವಾದವು. ಒಂದು ಮಂಡಿ ಕೇಳಿದರೆ ಇನ್ನೊಂದಕ್ಕೆ ಹೋಗುತ್ತಿತ್ತು, ಎಷ್ಟೋ ಸಲ ಯಾರೂ ಎತ್ತುತ್ತಲೇ ಇರಲಿಲ್ಲ. ಸಾಹುಕಾರರು ದೂರು ಹೇಳಿದರು. ನಮ್ಮ ಸೂಪರ್‌ವೈಸರ್ ನನ್ನನ್ನೇ ಕರೆದು, ನೀವು ದಿನಾ ಮಾತಾಡುವವರು, ಆಯಮ್ಮನಿಗೆ ಏನಾಗಿದೆ ಎಂದು ಕೇಳಿದರು. ಇನ್ನೊಂದು ಬಾಗಿಲು ತೆರೆದಿತ್ತು. ಅವರಿಗೆ ರಜೆ ಬೇಕು, ಸರಿಯಾದ ಆಸ್ಪತ್ರೆ ಬೇಕು, ವಾಸಿಯಾಗಿ ತಿರುಗಿ ಬರುತ್ತಾರೆ, ನಾನೇ ಬಂದಿದ್ದೇನಲ್ಲ — ಎಂದು ಹೇಳಬಹುದಿತ್ತು. ಕಾಮಾಲೆಯಂತೆ ಸಾರ್ ಎಂದೆ. ಕೆಲವು ತಿಂಗಳಿಗೆ ಮಂಗಳಕ್ಕ ಕೆಲಸ ಬಿಟ್ಟರು, ಅವರ ಅಣ್ಣ ಬಂದು ಅಜ್ಜಂಪುರಕ್ಕೆ ಕರೆದುಕೊಂಡು ಹೋದರಂತೆ. ಒಂದು ಬೆಳಿಗ್ಗೆ ತರೀಕೆರೆಯ ಮುಚ್ಚಳ ಬಿತ್ತು, ಚುಚ್ಚಿದೆ, ಯಾರೋ ಹೊಸ ಹುಡುಗಿಯ ದನಿ. ನಾನು ನಂಬರ್ ಕೇಳಿದೆ, ಜೋಡಿಸಿದೆ.

ಅಜ್ಜಂಪುರಕ್ಕೆ ಹೋಗಲು ನನಗೆ ಮೂರು ವರ್ಷ ಬೇಕಾಯಿತು. ಮಂಗಳಕ್ಕ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದರು, ಸೊರಗಿ ಇಷ್ಟೇ ಆಗಿದ್ದರು. ನನ್ನನ್ನು ನೋಡಿ ಗುರುತು ಹಿಡಿಯಲಿಲ್ಲ. ಅಕ್ಕ ಎಂದು ಕರೆದೆ, ದನಿ ಕೇಳಿದ ತಕ್ಷಣ ತಲೆ ಎತ್ತಿದರು. ಪಕ್ಕದಲ್ಲಿ ಕೂರಿಸಿಕೊಂಡರು.

"ನಂಗಿನ್ನೂ ಹೋಗ್ಲಿಲ್ಲ ಕಣೇ," ಅಂದರು. ಮುಂಗೈ ತಿರುಗಿಸಿ ಬರೆಯ ಗುರುತು ತೋರಿಸಿದರು, ಕಪ್ಪಗೆ, ಬೆರಳುದ್ದ. "ನಾನು ಸರ್ಯಾಗಿ ಪಥ್ಯ ಮಾಡ್ಲಿಲ್ವೇನೋ. ನಿಂದು ಗುರುತು ಮಾಸೋಯ್ತಾ? ಎಲ್ಲಿ, ತೋರ್ಸು."

ನಾನು ಕೈ ಸೆರಗಿನೊಳಗೆ ಎಳೆದುಕೊಂಡೆ. ಮಾಸೋಯ್ತು ಅಕ್ಕ ಎಂದೆ. ಮತ್ತೂ ಒಂದು ಸುಳ್ಳು.

ಊಟದ ಹೊತ್ತಿಗೆ ಅವರು ತಮ್ಮ ಅತ್ತಿಗೆಯನ್ನು ಕೂಗಿ, ನಾಗೂಗೆ ಒಗ್ಗರಣೆ ಹಾಕಬೇಡ, ಕಾಮಾಲೆ ಬಂದು ಹೋದ ಮೈ ಎಂದು ಹೇಳಿದರು. ಅತ್ತಿಗೆ ಒಳ್ಳೆಯ ಹೆಂಗಸು, ತಲೆಯಾಡಿಸಿದರು. ಆಮೇಲೆ ನಾನು ವರ್ಷಕ್ಕೊಮ್ಮೆಯೋ ಎರಡು ಸಲವೋ ಹೋಗುತ್ತಿದ್ದೆ. ಪ್ರತಿ ಸಲವೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೇ ಹೋಗುತ್ತಿದ್ದೆ, ಆ ಚಪ್ಪೆ ಊಟ ಉಂಡು, ಹೇಳದೇ ಬರುತ್ತಿದ್ದೆ. ಇಷ್ಟು ದಿನವಾದ ಮೇಲೆ ಹೇಳಿದರೆ ಅವರ ಮನಸ್ಸಿಗೆ ಏನಾಗುತ್ತದೋ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅದು ಅವರ ಮನಸ್ಸಿನ ಚಿಂತೆಯಲ್ಲ, ನನ್ನ ಮರ್ಯಾದೆಯ ಚಿಂತೆ.

ಈ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಮಂಗಳಕ್ಕನಿಗೆ ಜ್ವರ ಬಂತು. ಸಾಮಾನ್ಯ ಜ್ವರವೇ. ತಡೆಯುವ ಶಕ್ತಿ ಮೈಯಲ್ಲಿ ಉಳಿದಿರಲಿಲ್ಲ. ಸುದ್ದಿ ನನಗೆ ತಲುಪುವಾಗ ಮಣ್ಣು ಮಾಡಿ ಆಗಿತ್ತು. ತೀರಿಕೊಂಡವರ ಹೆಸರಿನಲ್ಲಿ ಮಾಡುವ ಗಣಾರಾಧನೆಯ ದಿನ ಹೋದೆ.

ಸ್ವಾಮಿಗಳ ಪೂಜೆ ಆದ ಮೇಲೆ ಬಂಧುಬಳಗವನ್ನೆಲ್ಲ ಸಾಲಾಗಿ ಊಟಕ್ಕೆ ಕೂರಿಸಿದರು. ನನ್ನ ಎಲೆಗೆ ಅನ್ನ ಬಂತು, ಪಾಯಸ ಬಂತು. ಸಾರಿನವನು ಬರುವಷ್ಟರಲ್ಲಿ ಮಂಗಳಕ್ಕನ ಅತ್ತಿಗೆಯೇ ಓಡಿ ಬಂದು ಅವನನ್ನು ತಡೆದರು. ಕೈಯಲ್ಲಿ ಬೇರೆ ಒಂದು ಪಾತ್ರೆ. ಅದರಲ್ಲಿ ಬೇಯಿಸಿದ ಹೆಸರುಬೇಳೆ, ಎಣ್ಣೆ ಇಲ್ಲದ್ದು.

"ನಿಮ್ಗೆ ಅಂತ ತೆಗೆದಿಟ್ಟಿದ್ದೆ ಕಣ್ರೀ. ನಾಗೂ ಬಂದೇ ಬತ್ತಾಳೆ, ಅವಳಿಗೆ ಒಗ್ಗರಣೆ ಆಗಲ್ಲ, ಮರೀಬೇಡ ಅಂತ ಜ್ವರದಲ್ಲೂ ಹೇಳ್ತಿದ್ರು."

ಪಾತ್ರೆ ನನ್ನ ಎಲೆಯ ಮೇಲೆ ಬಗ್ಗಿತ್ತು. ನಾನು ಎರಡೂ ಕೈ ಅಡ್ಡ ಹಿಡಿದೆ.

"ನಂಗೆ ಕಾಮಾಲೆ ಬಂದಿರ್ಲೇ ಇಲ್ಲ ಅಕ್ಕ," ಎಂದೆ.

ಪಕ್ಕದ ಎಲೆಯವರು ತಿರುಗಿ ನೋಡಿದರು. ಅತ್ತಿಗೆ ಒಂದು ಕ್ಷಣ ನನ್ನ ಮುಖ ನೋಡಿದರು, ಪಾಪ, ಹಿಂದೆ ಇನ್ನೂ ಎರಡು ಸಾಲಿಗೆ ಬಡಿಸುವುದಿತ್ತು.

"ಹಂಗಾದ್ರೆ ಸಾರು ಹಾಕ್ಲಾ?" ಅಂದರು.

ಹಾಕಿ ಎಂದೆ. ಹಾಕಿದರು. ಉಪ್ಪು, ಹುಳಿ, ಖಾರ ಎಲ್ಲ ಹದವಾಗಿತ್ತು. ಉಂಡೆ.

ಊಟವಾದ ಮೇಲೆ ಅತ್ತಿಗೆ ಕೈತೊಳೆದು ಕೂರುವವರೆಗೂ ಕಾದಿದ್ದು, ಮಂಗಳಕ್ಕನ ಅಣ್ಣನನ್ನೂ ಕರೆದು, ಮೊದಲಿನಿಂದ ಎಲ್ಲ ಹೇಳಿದೆ. ಅವರು ಸಂಜೆ ಬಸ್ಸಿಗೆ ಹೊತ್ತಾಯಿತು ಎಂದಷ್ಟೇ ಅಂದರು, ನನ್ನ ಜೊತೆ ಬಾಗಿಲವರೆಗೂ ಯಾರೂ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ಮುಂಗೈ ತಿರುಗಿಸಿ ನೋಡಿಕೊಂಡೆ. ಮಂಗಳಕ್ಕಾ, ನೀವು ಕೇಳಿದಾಗ ಬಚ್ಚಿಟ್ಟೆನಲ್ಲ, ಈ ಕೈಯಲ್ಲಿ ಏನೂ ಇಲ್ಲ.